ಹದಿನೇಳನೇ ನಂಬರಿನ ಹೊಟ್ಟೆ

ವಿಜ್ಞಾನಿ ಕೈ ತೊಳೆದು ಬರುವಷ್ಟರಲ್ಲಿ ಲೈಬ್ರರಿಯಕ್ಕ ಅವರ ಮೇಜಿನ ಮೇಲಿದ್ದ ಪಟ್ಟಿಯನ್ನು ಓದಿ ಮುಗಿಸಿದ್ದರು. ಆ ಆಹಾರ ಸಂಸ್ಥೆಯ ಮೂವತ್ತು ಜನ ವಿಜ್ಞಾನಿಯ ಸಂಶೋಧನೆಗೆಂದು ಪುಟ್ಟ ಡಬ್ಬಿಗಳಲ್ಲಿ ಮಲದ ಮಾದರಿ ಕೊಟ್ಟಿದ್ದರು. ಯಾರ ಕರುಳಿನಲ್ಲಿ ಎಷ್ಟು ಬಗೆಯ ಬ್ಯಾಕ್ಟೀರಿಯಾ ಇವೆ, ಯಾರಿಗೆ ಉಂಡದ್ದು ಮೈಗೆ ಹತ್ತುತ್ತದೆ ಎಂಬುದೆಲ್ಲ ಆ ಪಟ್ಟಿಯಲ್ಲಿತ್ತು. ಹೆಸರಿರಲಿಲ್ಲ, ಬರೀ ನಂಬರು.

"ಅಯ್ಯೋ, ಈ ಹದಿನೇಳನೇ ನಂಬರು ಯಾರು? ಎಲ್ರಿಗೂ ಮುನ್ನೂರು, ನಾನ್ನೂರು ಬಗೆ ಇದ್ರೆ ಇವರಿಗೆ ಬರೀ ತೊಂಬತ್ತು!"

"ಹೆಸರು ಹೇಳೋ ಹಾಗಿಲ್ಲ, ಅಕ್ಕ."

"ಯಾಕೆ ಹೀಗಾಗುತ್ತೆ, ಅದನ್ನಾದ್ರೂ ಹೇಳಿ."

ವಿಜ್ಞಾನಿ ಕನ್ನಡಕ ಒರೆಸಿಕೊಂಡರು. "ನಾಲ್ಕು ಜನರ ಜೊತೆ ಕೂತು ಉಣ್ಣೋರಿಗೆ ನಾನಾ ಬಗೆ ಊಟ ಸಿಗುತ್ತೆ, ನಾನಾ ಬಗೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಇವರು ಒಬ್ಬರೇ ಉಣ್ತಾರೆ ಅನ್ಸುತ್ತೆ. ದಿನಾ ಅದೇ ಬ್ರೆಡ್ಡು, ಅದೇ ಬೇಯಿಸಿದ ಬೀನ್ಸು."

ಹದಿನೇಳನೇ ನಂಬರು ಸ್ವತಃ ವಿಜ್ಞಾನಿಯೇ. ಒಂಬತ್ತು ವರ್ಷಗಳಿಂದ ಅವರ ಮನೆಯ ಊಟದ ಮೇಜಿನ ಎರಡನೇ ಕುರ್ಚಿ ಒದ್ದೆ ಟವೆಲ್ ಒಣಹಾಕಲು ಮಾತ್ರ ಬಳಕೆಯಾಗುತ್ತಿತ್ತು.

ಲೈಬ್ರರಿಯಕ್ಕನಿಗೆ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಹತ್ತು ಗಂಟೆಗೆಲ್ಲ ಇಡೀ ಸಂಸ್ಥೆ ಹದಿನೇಳನೇ ನಂಬರಿಗಾಗಿ ಕಣ್ಣೀರು ಹಾಕುತ್ತಿತ್ತು. "ಗೇಟಿನ ಕಾವಲುಗಾರನೇ ಇರಬೇಕು" ಎಂದರು ಉಗ್ರಾಣದವರು. ಐದು ಜನ ತಮ್ಮ ಡಬ್ಬಿಯ ಊಟವನ್ನು ಅವನಿಗೇ ಬಡಿಸಿದರು.

"ನಾನಲ್ಲ ಅಂದ್ರೂ ಯಾರೂ ಕೇಳ್ತಿಲ್ಲ, ಸಾರ್" ಎಂದು ಕಾವಲುಗಾರ ವಿಜ್ಞಾನಿಯ ಬಳಿ ಗೋಳಾಡಿದ. "ಇನ್ನೊಂದು ತುತ್ತು ತಿಂದ್ರೆ ಗೇಟು ತೆಗೆಯೋಕೂ ಏಳಲಾರೆ."

ವಿಜ್ಞಾನಿಗೆ ಹೊಟ್ಟೆ ಉರಿಯಿತು. ಮಧ್ಯಾಹ್ನ ಕ್ಯಾಂಟೀನಿನ ನಟ್ಟನಡುವೆ ಒಬ್ಬರೇ ಕೂತು, ಎಲ್ಲರಿಗೂ ಕಾಣುವಂತೆ ಒಣ ಬ್ರೆಡ್ಡನ್ನು ಮೇಲೆತ್ತಿ ಹಿಡಿದು ನಿಟ್ಟುಸಿರುಬಿಟ್ಟರು. ಉಗ್ರಾಣದವರು ಹತ್ತಿರ ಬಂದರು. ವಿಜ್ಞಾನಿಯ ಎದೆ ಹಿಗ್ಗಿತು.

"ಈ ಕುರ್ಚಿಗೆ ಯಾರೂ ಬರಲ್ಲ ತಾನೇ?" ಎಂದು ಎದುರಿನ ಕುರ್ಚಿ ಎಳೆದುಕೊಂಡು, "ನಿಮಗೇನು ಬಿಡಿ ಸಾರ್, ಆಹಾರ ತಿಳಿದೋರು. ನಿಮ್ಮ ಹೊಟ್ಟೆ ತೋಟ ಇದ್ದ ಹಾಗಿರುತ್ತೆ!" ಎಂದು ಕುರ್ಚಿ ಹೊತ್ತುಕೊಂಡು ಬೇರೆ ಮೇಜಿಗೆ ಹೊರಟರು.

ಅಷ್ಟೇ. ವಿಜ್ಞಾನಿ ಎದ್ದು ನಿಂತರು.

"ಹದಿನೇಳನೇ ನಂಬರು ನಾನು!"

ಮರುಕ್ಷಣ ಎಲ್ಲರೂ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅವರನ್ನು ಮುತ್ತಿದರು.

"ಮೊದಲೇ ಹೇಳಬಾರದಿತ್ತಾ?" ಎಂದು ಲೈಬ್ರರಿಯಕ್ಕ ಗದರಿಸಿದರು. "ಈ ಭಾನುವಾರ ನಮ್ಮನೇಲೇ ಊಟ. ನಮ್ಮತ್ತೆಗೆ ಮಾತು ಜಾಸ್ತಿ, ಸಹಿಸ್ಕೋಬೇಕು."

"ಎಷ್ಟು ಬೇಕಾದ್ರೂ ಮಾತಾಡ್ಲಿ" ಎಂದರು ವಿಜ್ಞಾನಿ.

ಬುಧವಾರ ಉಗ್ರಾಣದವರ ಮನೆ, ಶುಕ್ರವಾರ ಇನ್ನೊಬ್ಬರದು. ಮರೆಯದಿರಲೆಂದು ವಿಜ್ಞಾನಿ ಅಂಗೈ ಮೇಲೆ ಬರೆದುಕೊಂಡರು. ಅಂಗೈ ಸಾಲದೆ ಮಣಿಕಟ್ಟಿಗೂ ಬಂದರು.

ಆಗ ಲ್ಯಾಬಿನ ಸಹಾಯಕಿ ಏದುಸಿರು ಬಿಡುತ್ತ ಓಡಿಬಂದಳು. "ತಪ್ಪಾಯ್ತು ಸಾರ್! ಹದಿನೇಳು, ಹದಿನೆಂಟು ಅದಲುಬದಲಾಗಿದೆ. ನಿಮ್ಮ ಹೊಟ್ಟೇಲಿ ನಾನ್ನೂರ ಹನ್ನೆರಡು ಬಗೆ! ಇಡೀ ಸಂಸ್ಥೆಗೇ ನೀವು ಮೊದಲು!"

"ಹಾಗಾದ್ರೆ ಆ ತೊಂಬತ್ತು ಯಾರದು?" ಎಂದರು ಲೈಬ್ರರಿಯಕ್ಕ.

ಬಾಗಿಲ ಬಳಿ ಯಾರೋ ಕೆಮ್ಮಿದರು. ನಿರ್ದೇಶಕರು.

"ಹದಿನೆಂಟು ನಾನು. ಮನೇಲಿ ಒಂಬತ್ತು ಜನ ಇದೀವಿ. ಊಟಕ್ಕೆ ಯಾರೂ ನನಗೆ ಕಾಯಲ್ಲ."

ಇರುವೆಗಳೆಲ್ಲ ಅತ್ತ ತಿರುಗಿದವು. ಬುಧವಾರವೂ ಶುಕ್ರವಾರವೂ ನಿರ್ದೇಶಕರ ಪಾಲಾದವು. ಲೈಬ್ರರಿಯಕ್ಕನಿಗೆ ಮಾತ್ರ ವಿಜ್ಞಾನಿಯನ್ನು ಕೈಬಿಡಲು ಮನಸ್ಸಾಗಲಿಲ್ಲ. "ಭಾನುವಾರ ನೀವೂ ಬನ್ನಿ ಸಾರ್, ಇಬ್ಬರೂ ಬನ್ನಿ."

"ಕೂಡದು!" ಎಂದರು ನಿರ್ದೇಶಕರು. "ಒಬ್ಬರೇ ಉಂಡು ನಾನ್ನೂರ ಹನ್ನೆರಡು! ಅದು ಹೇಗೆ ಅಂತ ಕಂಡುಹಿಡೀಬೇಕು. ಆರು ತಿಂಗಳು ಏನೂ ಬದಲಾಗಬಾರದು. ಅದೇ ಬ್ರೆಡ್ಡು, ಅದೇ ಬೀನ್ಸು, ಅದೇ ಒಂಟಿ ಊಟ. ಇವರನ್ನ ಯಾರೂ ಕರೀಬೇಡಿ, ನೋಟೀಸು ಹಾಕಿಸ್ತೀನಿ."

"ಭಾನುವಾರವೂನಾ, ಸಾರ್?" ಎಂದು ವಿಜ್ಞಾನಿ ಮೆಲ್ಲಗೆ ಕೇಳಿದರು.

"ಭಾನುವಾರ ಮುಖ್ಯವಾಗಿ" ಎಂದ ನಿರ್ದೇಶಕರು ಲೈಬ್ರರಿಯಕ್ಕನತ್ತ ತಿರುಗಿದರು. "ಅಂದ ಹಾಗೆ, ನಿಮ್ಮನೆ ಎಲ್ಲಿ ಬರುತ್ತೆ?"