ಮುಗಿಸದವರಿಗೆ ಬನ್ ಮಾತ್ರ

ಪುಸ್ತಕ ಮುಗಿಸುವುದು ಕಷ್ಟವಲ್ಲ, ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ನನಗಂತೂ ಅದು ಈ ಜನ್ಮದಲ್ಲಿ ಆಗುವ ಮಾತಲ್ಲ. ಕೊನೆಯ ಪುಟ ಮಗುಚಿದ ಕೂಡಲೇ ಯಾರಿಗಾದರೂ ನನ್ನ ಅಭಿಪ್ರಾಯ ಹೇಳಲೇಬೇಕು. ಮನೆಯಲ್ಲಿ ಶುರು ಮಾಡಿದರೆ ಯಜಮಾನರು ಪೇಪರ್ ಅಡ್ಡ ಹಿಡಿಯುತ್ತಾರೆ. ಆಫೀಸಿನಲ್ಲಿ ಶುರು ಮಾಡಿದರೆ, "ಸಿನಿಮಾ ಬಂದ್ಮೇಲೆ ನೋಡ್ತೀವಿ ಬಿಡಿ ಮೇಡಂ" ಅನ್ನುತ್ತಾರೆ. ಅದಕ್ಕೇ ಒಂದು ಓದುಗರ ಬಳಗ ಸೇರಿಕೊಂಡೆ. ಅಂದಿನಿಂದ ನಗುವ ಪ್ರಸಂಗಗಳಿಗೆ ಬರವಿಲ್ಲ.

ಬಳಗ ಅಂದರೆ ನಾಲ್ಕೇ ಜನ. ಬಾಣಸವಾಡಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಶಿವಾಜಿನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಭಾಯ್, ಕಗ್ಗದಾಸಪುರದ ಒಬ್ಬ ಸಾಫ್ಟ್‌ವೇರ್ ಹುಡುಗ, ಮತ್ತೆ ಗದಗಿನಿಂದ ಬಂದು ಕಾಕ್ಸ್ ಟೌನಿನಲ್ಲಿ ನೆಲೆಸಿರುವ ನಾನು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಮ್ಮ ರಸ್ತೆಯ ಬೇಕರಿಯಲ್ಲಿ, ಓವನ್ ಪಕ್ಕದ ಮೇಜಿನಲ್ಲಿ ಸೇರುತ್ತೇವೆ. ಕಾನೂನು ಒಂದೇ, ಅದನ್ನು ಮಾಡಿದವರು ಮ್ಯಾನೇಜರ್ರು: ಪುಸ್ತಕ ಮುಗಿಸಿದವರಿಗೆ ಮಾತು, ಮುಗಿಸದವರಿಗೆ ಬನ್ ಮಾತ್ರ. ಅಂದರೆ ಮುಗಿಸದೆ ಬಂದವರು ಬನ್ ತಿನ್ನುತ್ತಾ ಸುಮ್ಮನೆ ಕೂತು ಕೇಳಬೇಕು. ನನ್ನಂಥವಳಿಗೆ ಅದಕ್ಕಿಂತ ಜೈಲೇ ವಾಸಿ. ಬಳಗ ಸೇರಿದ ಮೇಲೆ ನಾನು ಒಮ್ಮೆಯೂ ಆ ಬನ್ ಮುಟ್ಟಿರಲಿಲ್ಲ, ಮುಟ್ಟುವುದೂ ಇಲ್ಲ ಅಂತ ಜಂಬ ಕೊಚ್ಚಿಕೊಂಡಿದ್ದೆ.

ಎಣ್ಣೆ ಹಾಕಿದ ರೊಟ್ಟಿ

ಒಮ್ಮೆ ತಾಯಿ ಮಗಳ ಕಥೆಯ ಒಂದು ಕಾದಂಬರಿ ಓದಿದೆವು. ಮೂವರೂ ಹೊಗಳಿದ್ದೇ ಹೊಗಳಿದ್ದು. ಮಗಳನ್ನು ನೆನೆಯುತ್ತಾ ತಾಯಿ ಜೋಳದ ರೊಟ್ಟಿ ಬಡಿಯುವ ದೃಶ್ಯದಲ್ಲಿ ಅತ್ತುಬಿಟ್ಟೆ ಅಂದರು ಮ್ಯಾನೇಜರ್ರು.

"ನನಗೆ ಅಳು ಬರಲಿಲ್ಲ ಸರ್, ಸಿಟ್ಟು ಬಂತು" ಅಂದೆ. "ಆಕಿ ಹಿಟ್ಟಿಗೆ ಎಣ್ಣಿ ಹಾಕ್ತಾಳ್ರೀ! ಜ್ವಾಳದ ಹಿಟ್ಟಿಗೆ ಯಾರರ ಎಣ್ಣಿ ಹಾಕ್ತಾರೇನ್ರೀ?"

ಸಿಟ್ಟು ಬಂದರೆ ನನ್ನ ಬಾಯಲ್ಲಿ ಬೆಂಗಳೂರು ಹೋಗಿ ಗದಗ ಬಂದುಬಿಡುತ್ತದೆ.

"ಮೇಡಂ, ಅದು ಅಡುಗೆ ಪುಸ್ತಕ ಅಲ್ಲ, ಸಾಹಿತ್ಯ. ಭಾವನೆ ನೋಡಿ" ಅಂದರು.

"ಕುದಿಯೋ ನೀರು ಹಾಕಿ ನಾದಬೇಕಾದ ಹಿಟ್ಟಿಗೆ ಎಣ್ಣೆ ಹಾಕೋಳ ದುಃಖ ನಾನು ಹೇಗೆ ನಂಬಲಿ ಸರ್?"

ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಮುಂದಿನ ತಿಂಗಳು ಅವರು ಬಂದವರೇ ಕುರ್ಚಿ ಎಳೆದುಕೊಂಡು ಗಂಭೀರವಾಗಿ ಹೇಳಿದರು: "ನಮ್ಮನೆಯವರು ಎಣ್ಣೆ ಹಾಕಿ ಬಡಿದು ನೋಡಿದ್ರು. ಒಂದೂ ಹೆಂಚಿನ ತನಕ ಬರಲಿಲ್ಲ. ಹೋದ ತಿಂಗಳು ನಾನು ಅತ್ತಿದ್ದನ್ನ ವಾಪಸ್ ತಗೊಂಡಿದ್ದೀನಿ."

ಬಿಪಿ ಇರುವವರ ಓದು

ಮ್ಯಾನೇಜರ್ರಿಗೆ ಬಿಪಿ. ಗಾಬರಿ ಆಗುವಂಥದ್ದು ಏನೂ ಬೇಡ ಅಂತ ಡಾಕ್ಟರು ಹೇಳಿದ್ದಾರಂತೆ. ಅದಕ್ಕೆ ಅವರು ಯಾವ ಕಾದಂಬರಿಯನ್ನಾದರೂ ಕೊನೆಯ ಅಧ್ಯಾಯದಿಂದ ಓದುತ್ತಾರೆ. ಅಲ್ಲಿ ಏನಾಯಿತು ಅಂತ ಗಟ್ಟಿ ಮಾಡಿಕೊಂಡು, ಆಮೇಲೆ ಮೊದಲ ಪುಟಕ್ಕೆ ಬಂದು ನೆಮ್ಮದಿಯಾಗಿ ಶುರು ಮಾಡುತ್ತಾರೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನೂ ಹೀಗೇ ಸಹಿಯಿಂದ ಓದುತ್ತಿದ್ದೆ ಅನ್ನುತ್ತಾರೆ.

ನಾನು ಆಸೆಯಿಂದ ಕೊಂಡ ಒಂದು ಪತ್ತೇದಾರಿ ಕಾದಂಬರಿಯನ್ನು ನನಗಿಂತ ಮೊದಲು ಅವರೇ ಒಯ್ದರು. ವಾಪಸ್ ಕೊಡುವಾಗ ಕಣ್ಣರಳಿಸಿ ಹೇಳಿದರು: "ಬಹಳ ಬುದ್ಧಿವಂತ ಲೇಖಕ ಮೇಡಂ. ಆ ಡೆಂಟಿಸ್ಟೇ ಕೊಲೆಗಾರ ಅಂತ ಕೊನೆ ತನಕ ಯಾರಿಗೂ ಗೊತ್ತಾಗೋದೇ ಇಲ್ಲ!"

"ನನಗೆ ಈಗ ಗೊತ್ತಾಯ್ತಲ್ಲ ಸರ್!" ಅಂದೆ, ಅಳುವುದೊಂದು ಬಾಕಿ.

"ಒಳ್ಳೇದಾಯ್ತಲ್ಲ" ಅಂದರು. "ನಿಮಗೂ ವಯಸ್ಸಾಯ್ತು, ಇನ್ಮೇಲೆ ಹುಷಾರಾಗಿರಬೇಕು."

ಎರಡು ಪಟ್ಟು ವೇಗದ ಪ್ರೇಮ

ಕಗ್ಗದಾಸಪುರದ ಹುಡುಗನಿಗೆ ಪುಸ್ತಕ ಹಿಡಿಯಲು ಪುರುಸೊತ್ತಿಲ್ಲ. ಜಿಮ್ಮಿನಲ್ಲಿ ಆಡಿಯೋ ಪುಸ್ತಕ ಕೇಳುತ್ತಾನೆ, ಅದೂ ಎರಡು ಪಟ್ಟು ವೇಗದಲ್ಲಿ. ಒಂದು ನಿಧಾನಗತಿಯ ಪ್ರೇಮಕಥೆ, ಹೊಳೆಯ ದಂಡೆಯಲ್ಲಿ ಇಬ್ಬರು ಕೂತು ಮಾತೇ ಆಡದೆ ಅರ್ಧ ಪುಸ್ತಕ ಕಳೆಯುವಂಥದ್ದು, ಅದನ್ನೂ ಹಾಗೇ ಕೇಳಿ ಬಂದ.

"ನಂಗೆ ಸೆಟ್ ಆಗ್ಲಿಲ್ಲ ಆಂಟಿ" ಅಂದ. "ಹೀರೋಗೆ ವಿಪರೀತ ಆತುರ. ಆ ಹುಡುಗಿ ಬಾಯಿ ತೆಗೆದ್ರೆ ಜಗಳಕ್ಕೇ ಬರ್ತಾಳೆ. ಇಬ್ರಿಗೂ ಪ್ರೀತಿ ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ಲಿಲ್ಲ."

ಭಾಯ್ ಅವನ ಭುಜ ತಟ್ಟಿ, "ಅರೆ ಮಗಾ, ಒಂದ್ಸಲ ಅದನ್ನ ಮಾಮೂಲಿ ಸ್ಪೀಡಲ್ಲಿ ಕೇಳಿ ನೋಡೋ" ಅಂದರು. ಹುಡುಗ ಒಳ್ಳೆಯವನು, ಕೇಳಿದ. ಮುಂದಿನ ತಿಂಗಳು ಬಂದು ತಲೆ ಅಲ್ಲಾಡಿಸಿದ.

"ಈಗ ಪ್ರೀತಿ ಇದೆ ಅಂಕಲ್. ಆದ್ರೆ ಇಬ್ರೂ ಕುಡಿದಿದ್ದಾರೆ."

ತಲೆದಿಂಬು ವಾಪಸ್

ಭಾಯ್ ಮನೆಯಲ್ಲಿ ದಖನಿ ಮಾತಾಡುತ್ತಾರೆ, ಅಂಗಡಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಅಕ್ಷರ ಓದುವುದು ನಿಧಾನ ಅಂತ ಅವರೂ ಆಡಿಯೋ ಪುಸ್ತಕವನ್ನೇ ಕೇಳುತ್ತಾರೆ. ಆದರೆ ಒಬ್ಬರೇ ಕೇಳುವ ಜಿಪುಣತನ ಇಲ್ಲ, ಫೋನನ್ನು ಅಂಗಡಿಯ ಸ್ಪೀಕರಿಗೆ ಹಾಕಿಬಿಡುತ್ತಾರೆ. ಗಿರಾಕಿ ಹಾಸಿಗೆಯ ರೇಟು ಕೇಳಿದರೆ, "ಕೂತ್ಕೊಳ್ಳಿ ಅಮ್ಮ, ಈ ಚಾಪ್ಟರ್ ಮುಗೀಲಿ" ಅನ್ನುತ್ತಾರೆ. ಕೂರಲು ಅಲ್ಲಿ ಹಾಸಿಗೆಗೇನು ಕೊರತೆ?

ಒಂದು ದಿನ ನಾನು ಅಲ್ಲಿದ್ದಾಗ ಹಲಸೂರಿನ ಒಬ್ಬ ಹೆಂಗಸು ಹಿಂದಿನ ದಿನ ಕೊಂಡ ತಲೆದಿಂಬು ಹಿಡಿದು ಬಂದಳು. ಗಟ್ಟಿಯಾಗಿದೆ, ಬೇರೆ ಕೊಡಿ ಅಂದಳು. ಭಾಯ್ ಮೆತ್ತನೆಯದು ಕೊಟ್ಟರು. ಅದು ಬೇಡವಂತೆ. ಇನ್ನೊಂದು ಕೊಟ್ಟರು, ಅದೂ ಬೇಡ. ಕೊನೆಗೆ ಆಕೆ ತಂದ ದಿಂಬನ್ನೇ ಮಡಿಲಲ್ಲಿಟ್ಟುಕೊಂಡು ಕೂತು ಮೆಲ್ಲಗೆ ಕೇಳಿದಳು: "ದಿಂಬು ಇರ್ಲಿ ಬಿಡಿ ಭಾಯ್. ಆ ಹುಡುಗಿ ಗಂಡನ ಮನೆಗೆ ವಾಪಸ್ ಹೋದ್ಲಾ ಇಲ್ವಾ, ಅದನ್ನ ಹೇಳಿ."

ಖಾನಾವಳಿ ಅಮ್ಮನ ಸಾವು

ಇತ್ತೀಚೆಗೆ ನಮ್ಮ ಬಳಗಕ್ಕೆ ಮೊದಲ ಬಾರಿಗೆ ಒಬ್ಬ ಲೇಖಕರು ಬರುವುದಾಯಿತು. ಅವರದು ಮೊದಲ ಕಾದಂಬರಿ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿ ಊರ ಹುಡುಗರಿಗೆಲ್ಲ ಉಣಬಡಿಸಿದ ಒಬ್ಬ ಅಮ್ಮನ ಕಥೆ. ಮೊದಲು ಯಾರು ಮಾತಾಡಬೇಕು ಅಂತ ಮ್ಯಾನೇಜರ್ರಿಗೂ ನನಗೂ ಜಟಾಪಟಿಯೇ ಆಯಿತು. ಖಾನಾವಳಿ ನಮ್ಮ ಕಡೆಯದು ಅಂತ ಹಟ ಹಿಡಿದು ನಾನೇ ಗೆದ್ದೆ. ಲೇಖಕರ ಎದುರು ಮಾತಾಡುವ ಭಾಗ್ಯ! ನಾಲ್ಕು ದಿನ ಅನ್ನ ಸೇರಲಿಲ್ಲ.

ಪುಸ್ತಕದ ಜೊತೆ ಅವರು ಓದಿಸಿದ ಆಡಿಯೋವನ್ನೂ ಕಳಿಸಿದ್ದರು, ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲು. ಅಧ್ಯಾಯಗಳಿಗೆ ಸಂಖ್ಯೆ ಇರಲಿಲ್ಲ, ಬರೀ ಹೆಸರು. ಹಾಡು ಕೇಳುವ ಆ್ಯಪಿಗೆ ಎಲ್ಲವನ್ನೂ ಹಾಕಿಕೊಂಡು, ಹಲಸೂರಿನಿಂದ ಕೆ.ಆರ್. ಪುರದ ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಕೇಳಿದೆ. ಎಷ್ಟು ಮುಳುಗಿದ್ದೆ ಅಂದರೆ ಒಂದು ದಿನ ಇಳಿಯುವ ನಿಲ್ದಾಣವನ್ನೇ ಬಿಟ್ಟು ಮುಂದೆ ಹೋಗಿಬಿಟ್ಟೆ. ಭಾಯ್ ಕೂಡ, "ನಿಮ್ಮ ಫೋನಲ್ಲಿ ಇರೋ ಹಾಗೇ ನಂಗೂ ಮಾಡ್ಕೊಡಿ ಮೇಡಂ" ಅಂದರು. ಹಾಗೇ ಮಾಡಿಕೊಟ್ಟೆ.

ಭಾನುವಾರ ಲೇಖಕರು ಬಂದರು. ಕನ್ನಡಕ, ಸಂಕೋಚದ ಮುಖ. ಮ್ಯಾನೇಜರ್ರು ಬನ್ನಿನ ಕಾನೂನು ವಿವರಿಸಿದರು. ಅವರು ನಕ್ಕು ಚಹಾ ಕೈಗೆತ್ತಿಕೊಂಡರು. ನಾನು ಗಂಟಲು ಸರಿಮಾಡಿಕೊಂಡೆ.

"ಸರ್, ಮೊದಲನೇದಾಗಿ ನೀವು ರೊಟ್ಟಿ ಹಿಟ್ಟಿಗೆ ಎಣ್ಣೆ ಹಾಕಿಲ್ಲ. ಅಲ್ಲೇ ಅರ್ಧ ಗೆದ್ರಿ. ಇನ್ನು ನಿಮ್ಮ ಧೈರ್ಯ! ಮೊದಲ ಅಧ್ಯಾಯದಲ್ಲೇ ಅಮ್ಮನ್ನ ಸಾಯಿಸಿದ್ರಿ. ಎರಡನೇದರಲ್ಲಿ ಏನೂ ಆಗದೇ ಇದ್ದ ಹಾಗೆ ಎದ್ದು ಪಂಕ್ತಿಗೆ ಸಾರು ಬಡಿಸ್ತಾಳೆ. ಉಣಿಸೋ ಕೈಗೆ ಸಾವಿಲ್ಲ ಅನ್ನೋದನ್ನ ಇಷ್ಟು ಚೆನ್ನಾಗಿ ಯಾರು ಬರೀತಾರೆ?"

ಲೇಖಕರ ಚಹಾ ಲೋಟ ಬಾಯಿಯ ಹತ್ತಿರ ಹೋಗಿ ನಿಂತಿತು.

"ಹೌದು, ನನಗೂ ಮೊದಲೇ ಸತ್ತಳು" ಅಂದರು ಮ್ಯಾನೇಜರ್ರು. ಅವರು ಎಂದಿನಂತೆ ಕೊನೆಯ ಅಧ್ಯಾಯದಿಂದ ಓದಿದ್ದರು.

"ಎಲ್ಲಿ ಮೇಡಂ?" ಅಂದರು ಭಾಯ್. "ಮೊದಲು ಮಗನ ಮದುವೆ. ಅದಾದ್ಮೇಲೆ ಆ ಮಗ ಹುಟ್ಟೋದು. ನಂಗೂ ತಲೆ ಕೆಡ್ತು. ಆದ್ರೆ ದೊಡ್ಡ ರೈಟರ್ ಅಂದ್ರೆ ಹಿಂಗೇ ಇರ್ಬೇಕು ಅಂತ ಸುಮ್ನಾದೆ."

"ಇಲ್ಲ ಅಂಕಲ್, ಕೊನೇಲೇ ಸಾಯೋದು" ಅಂದ ಹುಡುಗ. "ಸ್ವಲ್ಪ ಅರ್ಜೆಂಟಲ್ಲಿ ಸತ್ರು ಅನ್ನಿಸ್ತು ಅಷ್ಟೇ."

"ಏ, ನಾ ಕಿವಿಯಾರೆ ಕೇಳೇನಿ, ಮೊದ್ಲ ಸತ್ತಾಳ!" ಅಂತ ನಾನು ಮೇಜು ಕುಟ್ಟಿದೆ. ಗದಗ ಬಂದಾಗಿತ್ತು. ಭಾಯ್ ಮದುವೆ ಬಿಡಲಿಲ್ಲ, ನಾನು ಹೆಣ ಬಿಡಲಿಲ್ಲ. ಬರೆದವರನ್ನು ಎದುರಿಗೆ ಕೂರಿಸಿಕೊಂಡು ಅವರನ್ನೊಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹುಡುಗ ನನ್ನ ಫೋನು ತೆಗೆದುಕೊಂಡ, ಭಾಯ್ ಫೋನನ್ನೂ ನೋಡಿದ.

"ಆಂಟಿ, ಎರಡರಲ್ಲೂ ಶಫಲ್ ಆನ್ ಇದೆ. ಹಾಡು ಕಲೆಸಿ ಹಾಕುತ್ತಲ್ಲ, ಹಾಗೆ ಚಾಪ್ಟರುಗಳನ್ನೂ ಕಲೆಸಿ ಹಾಕಿದೆ. ನಿಮಗೊಂಥರ, ಅಂಕಲ್‌ಗೊಂಥರ."

ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮ್ಯಾನೇಜರ್ರ ಮುಖ ಮಾತ್ರ ಹಬ್ಬದ ಮನೆಯಾಗಿತ್ತು.

"ಕಾನೂನು ಪ್ರಕಾರ ಇದು ಮುಗಿಸಿದ ಹಾಗಲ್ಲ. ಇನ್ನು ಮಾತಿಲ್ಲ, ಬನ್ ಮಾತ್ರ" ಅಂತ ತಟ್ಟೆಯನ್ನು ನನ್ನ ಮುಂದೆ ತಳ್ಳಿದರು. ಹೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಬನ್ನಿಗೆ ಕೈ ಹಾಕಿದೆ.

"ಒಂದು ನಿಮಿಷ" ಅಂದರು ಲೇಖಕರು. "ಅಧ್ಯಾಯಗಳನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅಂತ ಬಹಳ ಒದ್ದಾಡಿದೀನಿ. ಕೊನೆಗೆ ಸಾಕಾಗಿ ಹೇಗೋ ಒಂದು ಥರ ಮಾಡಿ ಕೊಟ್ಟೆ. ನಿಜ ಹೇಳಿ, ಯಾರ ಕಾದಂಬರಿ ಚೆನ್ನಾಗಿದೆ?"

"ನಂದೇ ಸರ್" ಅಂದರು ಭಾಯ್, ಕ್ಷಣ ಕೂಡ ಯೋಚಿಸದೆ. "ಅಮ್ಮ ನಡುವಲ್ಲಿ ಸತ್ರು. ಅಂಗಡೀಲಿ ಎಲ್ರೂ ಅತ್ಬಿಟ್ರು, ಆ ದಿನ ಒಂದು ಹಾಸಿಗೇನೂ ಮಾರಿಲ್ಲ. ಆದ್ರೆ ಲಾಸ್ಟ್ ಚಾಪ್ಟರಲ್ಲಿ ಅಮ್ಮ ವಾಪಸ್ ಬಂದು ಒಲೆ ಹಚ್ಚಿ, 'ಯಾರ್ಯಾರು ಉಂಡಿಲ್ಲ, ಬರ್ರಿ' ಅಂದ್ರು ನೋಡಿ. ಗಿರಾಕಿಗಳೆಲ್ಲ ಎದ್ದು ಚಪ್ಪಾಳೆ ಹೊಡೆದ್ರು ಸರ್."

ಲೇಖಕರು ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದರು, ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಕೈ ಚಾಚಿ ನನ್ನ ತಟ್ಟೆಯ ಬನ್ ಎತ್ತಿಕೊಂಡರು.

"ಇದು ನನಗೆ ಸೇರಬೇಕಾದ್ದು" ಅಂದರು. "ಈ ಕಾದಂಬರಿ ಇನ್ನೂ ಮುಗಿಸದೇ ಇರೋನು ನಾನು. ನೀವು ಮಾತಾಡಿ ಮೇಡಂ."

ಮಾತಾಡಿದೆ. ಬೇಕರಿಯವರು ಮಧ್ಯಾಹ್ನದ ಊಟಕ್ಕೆಂದು ಶಟರ್ ಅರ್ಧ ಇಳಿಸಿದ ಮೇಲೂ ಮಾತಾಡಿದೆ. ಲೇಖಕರು ಪಾಪ, ಕಾನೂನಿನ ಪ್ರಕಾರ ಬನ್ ತಿನ್ನುತ್ತಾ ಸುಮ್ಮನೆ ಕೂತಿದ್ದರು.