ಕ್ಯಾಂಪರ್ ಗಾಡಿಯೂ ಮೂರನೆಯ ಉಪಚಾರವೂ

ಮಿನ್ನೆಸೋಟದಲ್ಲಿ ಹುಟ್ಟಿದ ಮನುಷ್ಯನಿಗೆ ಚಳಿಗಿಂತ ದೊಡ್ಡ ಶತ್ರು ಮರ್ಯಾದೆ. ಅರವತ್ತಾರು ವರ್ಷ ಎರಡನ್ನೂ ಅನುಭವಿಸಿದ ಮೇಲೆ ಹೇಳುತ್ತಿದ್ದೇನೆ. ಚಳಿಗಾದರೂ ಒಂದು ಕೋಟು ಇದೆ.

ನಮ್ಮ ಕಡೆಯ ಕ್ರಮ ಹೀಗೆ. ಯಾರಾದರೂ ಕಾಫಿಗೆ ಕರೆದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು, ಆದರೆ ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕರೆದರೆ ಅದು ನಿಜವಾದ ಕರೆ. ಆಗ ‘ಇಷ್ಟು ಹೇಳ್ತಿದೀರಲ್ಲ, ಅರ್ಧ ಲೋಟ ಸಾಕು’ ಎಂದು ಕುಳಿತು ಮೂರು ಲೋಟ ಕುಡಿಯಬೇಕು. ಮೂರನೆಯ ಕರೆಯನ್ನು ತಳ್ಳಿದರೆ ಕರೆದವರಿಗೆ ಅವಮಾನ. ಕರೆದವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಊರು ಬಿಡುವುದೊಂದೇ ದಾರಿ. ಆದ್ದರಿಂದ ಬರಬಾರದವರನ್ನು ಕರೆಯುವಾಗ ಜಾಣರು ಎರಡಕ್ಕೇ ನಿಲ್ಲಿಸುತ್ತಾರೆ. ಇದಕ್ಕೊಂದು ಉಪನಿಯಮವೂ ಉಂಟು. ಗಂಡ ಕರೆದರೂ ಹೆಂಡತಿ ಕರೆದರೂ ಅದು ಒಂದೇ ಮನೆಯ ಕರೆ, ಎರಡನ್ನೂ ಕೂಡಿಸಿಯೇ ಎಣಿಸಬೇಕು. ಈ ಉಪನಿಯಮವೇ ನನ್ನನ್ನು ಮುಳುಗಿಸಿತು.

ಮದುವೆಯಾದ ಹೊಸದರಲ್ಲಿ ಆರ್ಡಿಸ್‌ಗೆ ಡೆವಿಲ್ಸ್ ಟವರ್ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ವಯೋಮಿಂಗ್‌ನ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತಿರುವ ಮಹಾಬಂಡೆ ಅದು, ರಾಷ್ಟ್ರೀಯ ಸ್ಮಾರಕ. (ಮಧುಚಂದ್ರಕ್ಕೆ ದೆವ್ವದ ಗೋಪುರವೇ ಸಿಕ್ಕಿತೇ ಎಂದು ನನ್ನ ಅತ್ತೆ ಕೇಳಿದ್ದರು.) ಆದರೆ ನಾನು ಹಸು ಸಾಕಿದವನು. ಹಸುಗಳಿಗೆ ಮಧುಚಂದ್ರ ಅರ್ಥವಾಗುವುದಿಲ್ಲ, ದಿನಕ್ಕೆರಡು ಸಲ ಕೆಚ್ಚಲು ತುಂಬುತ್ತದೆ. ಆರ್ಡಿಸ್ ಆ ಬಂಡೆಯ ಚಿತ್ರವಿದ್ದ ಕ್ಯಾಲೆಂಡರ್ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಲವತ್ತೊಂದು ವರ್ಷದಲ್ಲಿ ಫ್ರಿಜ್ಜು ಮೂರು ಸಲ ಬದಲಾಯಿತು, ಹಾಳೆ ಬದಲಾಗಲಿಲ್ಲ.

ಹೋದ ವರ್ಷ ಹಸುಗಳನ್ನು ಮಾರಿದೆ. ಈ ಬೇಸಿಗೆಯಲ್ಲಿ ಹಳೆಯ ಕ್ಯಾಂಪರ್ ಗಾಡಿಯೊಂದನ್ನು ಕೊಂಡೆ. ಒಲೆ, ಮಂಚ, ಕಕ್ಕಸು ಎಲ್ಲವೂ ಅದರ ಹೊಟ್ಟೆಯೊಳಗೇ ಇರುವ, ಓಡುವ ಅರಮನೆ. ಮೂರು ತಿಂಗಳು ಅದರ ಕೆಳಗೆ ಮಲಗಿ, ಮೇಲೆ ಹತ್ತಿ, ಸೋರುವುದನ್ನೆಲ್ಲ ಮುಚ್ಚಿ, ಕಿರುಗುಟ್ಟುವುದಕ್ಕೆಲ್ಲ ಎಣ್ಣೆ ಬಿಟ್ಟೆ. ಅಕ್ಟೋಬರ್ ಮೊದಲ ವಾರ, ಎಲೆ ಹಣ್ಣಾಗುವ ಕಾಲಕ್ಕೆ, ನಾವಿಬ್ಬರೇ ಹೊರಡುವುದು. ‘ಇಬ್ಬರೇ’ ಎಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು, ಏಕೆಂದರೆ ನನ್ನನ್ನು ಬಿಟ್ಟು ಬೇರೆ ಯಾರೂ ಇಡಲಿಲ್ಲ.

ಒಂದು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಷಡ್ಡಕ ಡುವೇನ್‌ಗೆ ಗಾಡಿಯ ವರ್ಣನೆ ಮಾಡುತ್ತಿದ್ದೆ. ಡುವೇನ್ ಎಂದರೆ ಆರ್ಡಿಸ್‌ಳ ತಂಗಿ ಲವಾನ್‌ಳ ಗಂಡ. ಒಳ್ಳೆಯವನು. ಆದರೆ ನಿವೃತ್ತಿಯಾದ ಮೇಲೆ ಅಕಾರ್ಡಿಯನ್ ಕಲಿಯುತ್ತಿದ್ದಾನೆ, ಮತ್ತು ಈವರೆಗೆ ಒಂದೇ ಹಾಡು ಬಂದಿದೆ, ಅದೂ ಮುಕ್ಕಾಲು. ಲವಾನ್‌ಗೆ ಜುಲೈನಲ್ಲೂ ಚಳಿ. ಅವಳಿದ್ದ ಕಡೆ ಕಿಟಕಿ ತೆರೆಯುವಂತಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಉಪಚಾರಕ್ಕೆ, ನೀವೂ ಬನ್ನಿ ಎಂದೆ. ಬೇಡಪ್ಪ ಎಂದ. ಕಾಫಿ ಮುಗಿಯುವಾಗ ಇನ್ನೊಮ್ಮೆ ಕರೆದೆ. ಇಲ್ಲ, ನಿಮಗ್ಯಾಕೆ ತೊಂದರೆ ಎಂದ. ಅಲ್ಲಿಗೆ ಜಾಣನ ಹಾಗೆ ನಿಲ್ಲಿಸಿ ಮನೆಗೆ ಬಂದೆ.

ಮಂಗಳವಾರ ಆರ್ಡಿಸ್ ಕೌದಿ ಹೊಲಿಯುವ ಹೆಂಗಸರ ಕೂಟದಿಂದ ಬಂದವಳು, ಚಪ್ಪಲಿ ಬಿಡುತ್ತ, ಲವಾನ್‌ಳನ್ನು ಪ್ರವಾಸಕ್ಕೆ ಕರೆದೆ ಎಂದಳು. ಎಷ್ಟು ಸಲ ಎಂದು ಕೇಳಿದೆ.

“ಒಂದೇ ಸಲ ಕಣೋ. ತಕ್ಷಣ ಒಪ್ಕೊಂಡ್ಬಿಟ್ಳು. ಅವಳು ಯಾವತ್ತೂ ಹಾಗಲ್ಲ, ನಂಗೇ ಆಶ್ಚರ್ಯ.”

“ಆಶ್ಚರ್ಯ ಏನು ಬಂತು? ನಾನು ಎರಡು ಸಲ ಕರ್ದಿದ್ದೆ.”

ಆರ್ಡಿಸ್ ಕುರ್ಚಿಯ ಮೇಲೆ ಕುಳಿತುಕೊಂಡಳು. ಎರಡಕ್ಕೆ ಒಂದು ಸೇರಿದರೆ ಎಷ್ಟೆಂದು ಹೇಳಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ನಲವತ್ತು ವರ್ಷ ಹಾಲು ಕರೆದವನಿಗೆ ನೆಂಟರನ್ನು ಕರೆಯುವುದು ಗೊತ್ತಾಗಲಿಲ್ಲ. ಕರೆಯುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದು ನಾನು ರೇಗಿದೆ. ನೀನು ಕೇಳಿದ್ದೆಯಾ ಎಂದು ಅವಳು ತಿರುಗಿಸಿದಳು. ಆಮೇಲೆ ಇಬ್ಬರೂ ಫ್ರಿಜ್ಜಿನ ಕಡೆ ನೋಡದೆ ಊಟ ಮಾಡಿದೆವು.

ಮೂರು ದಿನ ಯೋಚಿಸಿ ನಾನೊಂದು ಮಹೋಪಾಯ ಹೂಡಿದೆ. ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ನಿಜ. ಆದರೆ ಅದಕ್ಕಿಂತ ದೊಡ್ಡದನ್ನು ಕೊಡಬಹುದಲ್ಲ? ‘ಗಾಡಿಯನ್ನೇ ತೆಗೆದುಕೊಂಡು ನೀವಿಬ್ಬರೇ ಹೋಗಿ ಬನ್ನಿ, ನಾವು ಮನೆಯಲ್ಲಿರುತ್ತೇವೆ’ ಎಂದರೆ, ಮಾನವಿದ್ದ ಯಾವ ಮನುಷ್ಯನಾದರೂ ನಾಚಿಕೆಯಿಂದ ನೆಲ ನೋಡಬೇಕು. ಎರಡನೆಯ ಸಲಕ್ಕೆ ಅವನೇ, ಬೇಡಪ್ಪ, ನೀವೇ ಇಬ್ಬರು ಹೋಗಿ ಎನ್ನಬೇಕು. ಅಲ್ಲಿಗೆ ನಾನು ನಿಲ್ಲಿಸಬೇಕು. ಈ ಉಪಾಯವನ್ನು ಆರ್ಡಿಸ್‌ಗೆ ಹೇಳಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ದರಿದ್ರ ಗಾದೆಯನ್ನು ಅವತ್ತು ನಂಬಿದ್ದೆ.

ಅವರಿಬ್ಬರನ್ನೂ ಊಟಕ್ಕೆ ಕರೆದೆವು. (ಮೂರು ಸಲ.) ಆರ್ಡಿಸ್ ದೊಡ್ಡ ತಟ್ಟೆಯಲ್ಲಿ ಮಾಂಸ, ಬೀನ್ಸ್, ಮೇಲೆ ಆಲೂಗಡ್ಡೆ ಹೊದಿಸಿ ಹಾಟ್‌ಡಿಶ್ ಬೇಯಿಸಿದ್ದಳು. ಎರಡನೆಯ ಸಲ ಬಡಿಸುವಾಗ ನಾನು ಮೊದಲ ಬಾಣ ಬಿಟ್ಟೆ. ಡುವೇನ್ ಚಮಚ ಕೆಳಗಿಟ್ಟು, ಎಲ್ಲಾದರೂ ಉಂಟೇ, ಗಾಡಿಗೆ ನೀನು ಪ್ರಾಣ ತೇದಿದ್ದೀಯಲ್ಲ ಎಂದ. ಕಾಫಿ ಬಂದಾಗ ಎರಡನೆಯದನ್ನು ಬಿಟ್ಟೆ. ಡುವೇನ್‌ನ ಕಿವಿ ಕೆಂಪಾಯಿತು. ಲವಾನ್ ನೆಲ ನೋಡಿದಳು. ನನ್ನ ಎದೆಯಲ್ಲಿ ವಾದ್ಯಮೇಳ ಶುರುವಾಯಿತು.

“ಇಲ್ಲ ಆರ್ವಲ್, ಅದು ನಿಮ್ಮ ಗಾಡಿ,” ಎಂದ ಡುವೇನ್. “ನಿಜ ಹೇಳ್ಬೇಕಂದ್ರೆ ನಾವು ಬರೋದೇ ಬೇಡ ಅಂತ—”

ಅಷ್ಟರಲ್ಲಿ ಅಡುಗೆಮನೆಯಿಂದ ಸಿಹಿಯ ತಟ್ಟೆ ಹಿಡಿದು ಆರ್ಡಿಸ್ ಬಂದಳು. ಕಣ್ಣು ಒದ್ದೆಯಾಗಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟಳು.

“ತಗೊಂಡು ಹೋಗಿ ಡುವೇನ್. ಇವನು ಇಷ್ಟು ಮನಸ್ಸಿಟ್ಟು ಕೊಡೋದನ್ನ ನಾನು ಇವತ್ತೇ ನೋಡಿದ್ದು.”

ಮೂರು. ಡುವೇನ್ ಉಸಿರು ಬಿಟ್ಟ. “ಇಷ್ಟು ಹೇಳ್ತಿದೀರಲ್ಲ,” ಎಂದು ನನ್ನ ಕೈ ಕುಲುಕಿದ. ನಾನು ಗೂಟದ ಮೇಲಿದ್ದ ಕೀಲಿಕೈ ತೆಗೆದುಕೊಟ್ಟೆ. ನಕ್ಕೆನೆಂದು ಕಾಣುತ್ತದೆ, ಮರುದಿನ ಕೆನ್ನೆ ನೋಯುತ್ತಿತ್ತು.

ಶನಿವಾರ ಬೆಳಿಗ್ಗೆ ನನ್ನ ಅರಮನೆ ನನ್ನ ಗೇಟು ದಾಟಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಆದರೂ ಆ ಮುಕ್ಕಾಲು ಹಾಡು ಕೇಳಿಸಿತು. (ಓಡಿಸುತ್ತಿದ್ದವಳು ಲವಾನ್.) ನಾನು ಮೆಟ್ಟಿಲ ಮೇಲೆ ಕುಕ್ಕರಿಸಿ, ನೀನು ಮೂರನೆಯ ಮಾತು ಯಾಕಾಡಿದೆ, ನಾನು ಗೆಲ್ಲುವುದರಲ್ಲಿದ್ದೆ ಎಂದು ಆರ್ಡಿಸ್‌ಳ ಮುಂದೆ ಗೊಣಗಿದೆ. ಉಪಾಯವನ್ನೆಲ್ಲ ಬಿಚ್ಚಿ ಹೇಳಿದೆ. ಅವಳು ಬಂದು ಪಕ್ಕದಲ್ಲಿ ಕುಳಿತಳು.

“ನಿಂಗೆ ನನ್ನೊಬ್ಬಳ ಜೊತೆ ಹೋಗೋಕೆ ಮನಸ್ಸಿಲ್ಲ ಅಂದ್ಕೊಂಡೆ. ಅದಕ್ಕೇ ಲವಾನ್‌ನ ಕರ್ದೆ.”

ಯಾರು ಹೇಳಿದರು ಎಂದು ಕೇಳಿದೆ.

“ನೀನೇ. ಏಪ್ರಿಲ್‌ನಲ್ಲಿ ನೀನು ಬರ್ತೀಯಾ ಅಂದೆ, ನಾನು ಈ ವಯಸ್ಸಲ್ಲಿ ಯಾಕೆ ಅಂದೆ. ಜೂನ್‌ನಲ್ಲಿ ನೀನು ಇನ್ನೊಂದ್ಸಲ ಕೇಳಿದೆ, ನಾನು ಗಾಡಿ ಎಲ್ಲ ಯಾಕೆ ಬಿಡು ಅಂದೆ. ಆಮೇಲೆ ನೀನು ಗಾಡಿ ತಂದೆ, ಎಣ್ಣೆ ಬಿಟ್ಟೆ. ಮೂರನೇ ಸಲ ಕೇಳ್ಲೇ ಇಲ್ಲ.”

ಊರಿನವರಿಗೆಲ್ಲ ಕಾಫಿಗೆ ಮೂರು ಸಲ ಹೇಳಿದ ಮನುಷ್ಯ ನಾನು. ಹೆಂಡತಿಯಲ್ಲವೇ, ಎರಡು ಸಾಕು ಎಂದುಕೊಂಡಿದ್ದೆ. ನಾಚಿಕೆಯಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದೆ.

“ಆರ್ಡಿಸ್, ಡೆವಿಲ್ಸ್ ಟವರ್‌ಗೆ ಬರ್ತೀಯಾ?”

“ಇಷ್ಟು ಹೇಳ್ತಿದೀಯಲ್ಲ,” ಎಂದಳು, ಮತ್ತು ಬಟ್ಟೆ ತುಂಬಲು ಒಳಗೆ ಹೋದಳು.

ಗಾಡಿ ಹೋಗಿಯಾಗಿತ್ತು. ಆದರೆ ನಾನು ಆಗಷ್ಟೇ ಆಡಿದ ಮೂರನೆಯ ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಅಟ್ಟದ ಮೇಲೆ ನಮ್ಮ ಮಗ ಶಾಲೆಯಲ್ಲಿದ್ದಾಗ ಬಳಸಿದ ಗುಡಾರವಿತ್ತು. ಅದನ್ನು ಪಿಕಪ್ಪಿಗೆ ಎಸೆದು ಹೊರಟೆವು. ದಕ್ಷಿಣ ಡಕೋಟವನ್ನು ಅಡ್ಡ ಹಾಯುವಷ್ಟರಲ್ಲಿ ನಾವು ಮಾತಾಡಿದಷ್ಟು ಹಿಂದಿನ ಹತ್ತು ವರ್ಷದಲ್ಲಿ ಆಡಿರಲಿಲ್ಲ. ಎರಡನೆಯ ದಿನದ ಇಳಿಬಿಸಿಲಿನಲ್ಲಿ ಆ ಬಂಡೆ ಕಾಣಿಸಿತು. ಹೊಳೆಯ ದಡದ ಮರಗಳೆಲ್ಲ ಹಳದಿ, ಅವುಗಳ ಮೇಲೆ ಕೆಂಪಗೆ, ಯಾರಿಗೂ ಜಾಗ ಬಿಡದೆ ನಿಂತಿತ್ತು. ಆರ್ಡಿಸ್ ನನ್ನ ತೋಳು ಹಿಡಿದುಕೊಂಡು, ಚಿತ್ರದಲ್ಲಿ ಇಷ್ಟು ದೊಡ್ಡದಿರಲಿಲ್ಲ ಎಂದಳು. ನನಗೆ ತುಂಬಾ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಡೇರೆ ಹಾಕುವ ಮೈದಾನದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದರ ಪಕ್ಕದಲ್ಲಿ ನನ್ನ ಕ್ಯಾಂಪರ್ ಗಾಡಿ ದೀಪ ಹಚ್ಚಿಕೊಂಡು ಬೆಚ್ಚಗೆ ಕುಳಿತಿತ್ತು. ನಮ್ಮ ಗುಡಾರದಲ್ಲಿ ಎರಡು ತೂತು, ಒಂದು ಇಲಿಯದು, ಇನ್ನೊಂದು ಅದರ ಸಂಸಾರದ್ದು. ಸೂರ್ಯ ಮುಳುಗಿದ್ದೇ ತಡ, ಸಣ್ಣಗೆ ಹಿಮ ಉದುರತೊಡಗಿತು.

ಡುವೇನ್ ಬಾಗಿಲು ತೆರೆದ. ಕೈಯಲ್ಲಿ ಬಿಸಿ ಸೂಪಿನ ಬಟ್ಟಲು. ಎದುರು ಬದಿಯ ಮಂಚ ಖಾಲಿಯೇ ಇದೆ, ಒಳಗೇ ಮಲಗಬಾರದೇ ಎಂದು ಕರೆದ. ಆಸೆ ನಾಲಿಗೆಯ ತುದಿಗೆ ಬಂದಿತ್ತು. ಅಯ್ಯೋ ಬೇಡಪ್ಪ, ಇಲ್ಲೇ ಹಾಯಾಗಿದೆ ಎಂದೆ. ಅವನು ಆಕಾಶ ನೋಡಿ, ಹಿಮ ಜಾಸ್ತಿಯಾಗುತ್ತದಂತೆ, ಬನ್ನಿ ಎಂದ. ಆರ್ಡಿಸ್, ಹಲ್ಲು ಕಟಕಟ ಎನ್ನುತ್ತಿದ್ದರೂ, ಇಲ್ಲ, ನಿಮಗ್ಯಾಕೆ ತೊಂದರೆ ಎಂದಳು. ಸ್ವಲ್ಪ ಮೆತ್ತಗೇ ಎಂದಳು. ಇಬ್ಬರೂ ಹೊದಿಕೆ ಸುತ್ತಿ ಸಿದ್ಧವಾಗಿಟ್ಟುಕೊಂಡು ಅವನ ಬಾಯಿಯನ್ನೇ ನೋಡುತ್ತ ನಿಂತೆವು.

“ಸರಿ ಹಾಗಾದ್ರೆ,” ಎಂದ ಡುವೇನ್. “ಇಬ್ಬರೇ ಇರ್ಬೇಕು ಅಂತ ನಿಮಗೂ ಆಸೆ ಇರತ್ತೆ.”

ಬಾಗಿಲು ಮುಚ್ಚಿಕೊಂಡಿತು. ಒಂದು ಚೂರೂ ಕಿರುಗುಟ್ಟಲಿಲ್ಲ.