ಮಾವನವರ ಹೆರಾಲ್ಡಿಗೆ ನಾನು ಆರಿಸಿದ ಹೊಳಪು

ಹುಣಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಬಣ್ಣದ ಅಂಗಡಿ ಇಟ್ಟುಕೊಂಡಿದ್ದೇನೆ. ಶೇಡ್ ಕಾರ್ಡ್ ಹಿಡಿದು ಗಂಡ ಹೆಂಡತಿ ಜಗಳವಾಡುವುದನ್ನು ನನ್ನಷ್ಟು ನೋಡಿದವರು ಈ ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಾರರು. ಗಂಡ ತಿಳಿನೀಲಿ ಅಂದರೆ ಹೆಂಡತಿ ಗುಲಾಬಿ ಅನ್ನುತ್ತಾಳೆ. ನಾನು ಇಬ್ಬರಿಗೂ ಕುರ್ಚಿ ಹಾಕಿ, ಟೀ ತರಿಸಿ, ಕೊನೆಗೆ ಹೆಂಡತಿ ಹೇಳಿದ ಬಣ್ಣವನ್ನೇ ಕಲಸಿ ಕೊಡುತ್ತೇನೆ. (ಗಂಡ ಹೇಳಿದ್ದನ್ನು ಕಲಸಿದರೆ ಡಬ್ಬ ಸಂಜೆಗೇ ವಾಪಸ್ಸು ಬರುತ್ತದೆ.) ಇಷ್ಟು ತಿಳಿವಳಿಕೆ ಇದ್ದವನಿಗೆ ತನ್ನ ಮನೆಯ ವಿಷಯ ಬಂದಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ವಿಷಯ ಒಂದು ಕಾರಿನದು. ಸ್ಟ್ಯಾಂಡರ್ಡ್ ಹೆರಾಲ್ಡ್, ಕೆನೆ ಬಣ್ಣ, ವಯಸ್ಸಿನಲ್ಲಿ ನನಗಿಂತ ಹಿರಿಯದು. ನನ್ನ ಮಾವ ಮಹದೇವಪ್ಪನವರು ಮಿರ್ಲೆ ಕಡೆ ಮೂವತ್ತು ವರ್ಷ ದನದ ಡಾಕ್ಟರಾಗಿ ಇದರಲ್ಲೇ ಊರೂರು ತಿರುಗಿದವರು. ಹಿಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಹೆಚ್ಚು ಕರುಗಳೇ ಕೂತಿವೆ. ಕಣ್ಣಿಗೆ ಪೊರೆ ಬಂದು ಓಡಿಸುವುದು ಕಷ್ಟವಾದಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಒಂದು ಹನಿ ಉದುರಿಸದ ಮನುಷ್ಯ ಅಂದು ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಅಳಿಯಂದ್ರೆ, ಹೆಂಗದೋ ಅಂಗೇ ಮಡಿಕ್ಕಳಿ" ಅಂದರು. ನಾನು ಎದೆಯ ಮೇಲೆ ಕೈಯಿಟ್ಟು ಆಗಲಿ ಅಂದೆ.

ಇಟ್ಟುಕೊಂಡೆ, ಎರಡು ವರ್ಷ. ಹೆರಾಲ್ಡಿನ ಬಾನೆಟ್ಟು ಅಂದರೆ ಬರೀ ಮುಚ್ಚಳವಲ್ಲ. ಎರಡೂ ಮಡ್‌ಗಾರ್ಡ್ ಸೇರಿದ ಇಡೀ ಮುಂಭಾಗ ಒಟ್ಟಿಗೆ ಎದ್ದು ಮುಂದಕ್ಕೆ ಬಾಗುತ್ತದೆ. ಅದಕ್ಕೆ ತುಕ್ಕು ಹಿಡಿದು, ಬೆರಳಿಟ್ಟ ಕಡೆಯೆಲ್ಲ ಬೆರಳು ಒಳಗೆ ಹೋಗತೊಡಗಿತು. ಹಳೆಯ ಕಾರುಗಳ ಹುಚ್ಚಿರುವ ನನ್ನ ಗೆಳೆಯ ಶರತ್ ಮೈಸೂರಿನಿಂದ ಬಂದವನು, "ತಗಡು ಯಾಕೆ ಮಾರಾಯ? ಕಾರ್ಬನ್ ಫೈಬರ್ ಹಾಕಿಸು" ಎಂದು ನನ್ನ ಕಿವಿಯಲ್ಲಿ ಮಂತ್ರ ಊದಿದ. ಕಾರ್ಬನ್ ಫೈಬರ್ ಅಂದರೆ ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಅಂಟು ಕುಡಿಸಿ ಗಟ್ಟಿ ಮಾಡಿದ ಪದಾರ್ಥ. ತೂಕವಿಲ್ಲ, ತುಕ್ಕಿಲ್ಲ, ಅಗ್ಗವಂತೂ ಅಲ್ಲವೇ ಅಲ್ಲ. ಕೊಯಮತ್ತೂರಿನ ಒಬ್ಬ ಕುಶಲಕರ್ಮಿ ಹಳೆಯ ಬಾನೆಟ್ಟನ್ನು ತರಿಸಿಕೊಂಡು, ಅಚ್ಚು ತೆಗೆದು, "ಹಳೇದನ್ನು ಏನು ಮಾಡಲಿ ಸಾರ್?" ಎಂದು ಫೋನ್ ಮಾಡಿದ. ಗುಜರಿಗೆ ಹಾಕಪ್ಪ ಅಂದದ್ದು ಈ ನನ್ನ ಬಾಯಿಯೇ.

ಆಮೇಲೆ ಅವನು ನಾಲ್ಕು ತುಂಡು ಮಾದರಿಗಳನ್ನು ಕೊರಿಯರಿನಲ್ಲಿ ಕಳಿಸಿದ. ಒಂದು ಕನ್ನಡಿಯಂತೆ ಹೊಳಪು, ನೇಯ್ಗೆ ಎದ್ದು ಕಾಣುವಂಥದ್ದು. ಒಂದು ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಒಂದು ಅರೆಹೊಳಪು. ನಾಲ್ಕನೆಯದಕ್ಕೆ ಕಾರಿನ ಕೆನೆ ಬಣ್ಣವನ್ನೇ ಹೊಡೆದಿದ್ದ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಬಣ್ಣ ಆರಿಸಿಕೊಟ್ಟ ನಾನು ಆ ನಾಲ್ಕು ತುಂಡುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೂವರೆ ತಿಂಗಳು ಕೂತೆ. ಬಿಸಿಲಿನಲ್ಲಿಟ್ಟು ನೋಡಿದೆ, ನೀರು ಚಿಮುಕಿಸಿ ನೋಡಿದೆ, ಮಲಗಿಕೊಂಡೂ ನೋಡಿದೆ. ನನ್ನ ಧರ್ಮಪತ್ನಿ ನೀಲಾಂಬಿಕೆ ಹುಳಿ ಬಡಿಸುತ್ತಾ ಒಂದೇ ಸಲ ನೋಡಿದಳು.

"ಇದು ತೊಳೆಯದ ದೋಸೆ ಕಾವಲಿ," ಎಂದು ಮ್ಯಾಟನ್ನು ಆಚೆ ತಳ್ಳಿದಳು. "ಇದು ಅರ್ಧ ತೊಳೆದದ್ದು. ಈ ಹೊಳೆಯೋದು ಕಾರಿಗಲ್ಲ, ನಾಟಕದ ರಾಕ್ಷಸನ ಕವಚಕ್ಕೆ ಸರಿ. ಬಣ್ಣ ಹೊಡೆದಿರೋದೇ ಹಾಕಿಸಿ."

"ಲೇ, ಬಣ್ಣ ಹೊಡೆದರೆ ಒಳಗಿರೋದು ಕಾರ್ಬನ್ ಫೈಬರ್ ಅಂತ ಯಾರಿಗೆ ಗೊತ್ತಾಗುತ್ತೆ? ಧರ್ಮಾವರಂ ಸೀರೆ ಉಟ್ಟು ಮೇಲೊಂದು ನೈಟಿ ಹಾಕ್ಕೊಂಡ ಹಾಗೆ."

"ಯಾರಿಗೂ ಗೊತ್ತಾಗಬಾರದು ಅಂತಲೇ ಹೇಳ್ತಿರೋದು. ಅಪ್ಪ ಹಾಗೇ ಇಟ್ಟುಕೊಳ್ಳಿ ಅಂದಿದ್ದ ಬಾನೆಟ್ಟನ್ನ ಗುಜರಿಗೆ ಹಾಕಿದೀರಿ. ಅವರಿಗೆ ತಿಳಿದರೆ ಎದೆ ಒಡಕೊಳ್ತಾರೆ. ಅದೇ ಬಣ್ಣ ಇದ್ದರೆ ತಿಳಿಯಲ್ಲ."

"ಅವರಿಗೆ ಕಣ್ಣಲ್ಲಿ ಪೊರೆ ಕಣೆ."

"ಕಪ್ಪು ಬಿಳುಪು ತಿಳಿಯದಷ್ಟು ಕುರುಡಾಗಿಲ್ಲ ನಮ್ಮಪ್ಪ!"

ನನ್ನ ಅಂಗಡಿಗೆ ಬರುವ ಯಾವ ಗಂಡಸಿಗೂ ನಾನು ಕೊಡದ ಸಲಹೆಯನ್ನು ನಾನೇ ಪಾಲಿಸಿದೆ. ಹೆಂಡತಿಯ ಮಾತು ಬದಿಗಿಟ್ಟು ಹೊಳಪನ್ನೇ ಆರಿಸಿದೆ.

ಬಾನೆಟ್ಟು ಬಂದು ಕೂತಾಗ ನಾನು ಸಾಕ್ಷಾತ್ ಚಕ್ರವರ್ತಿಯಾದೆ. ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಹೊಗಳುಭಟ್ಟರಿಗಾಗಿ ಕಾದೆ. ಮೊದಲನೆಯವನು, "ಸ್ಟಿಕ್ಕರ್ ಎಲ್ಲಿ ಅಂಟಿಸಿದ್ರಿ ಅಣ್ಣಾ?" ಅಂದ. ಎರಡನೆಯವನು, "ಎಲ್ಲಿ ಗುದ್ದುದ್ರಿ? ಬಣ್ಣ ಯಾವಾಗ ಒಡುಸ್ತೀರಿ?" ಅಂದ. ನಮ್ಮ ಕಡೆ ಗುದ್ದಿದ ಗಾಡಿಗೆ ಹೊಸ ಬಾಗಿಲು ಹಾಕಿಸಿ, ಬಣ್ಣಕ್ಕೆ ಕಾಸಿಲ್ಲದೆ ಕಪ್ಪಗೇ ಬಿಟ್ಟು ವರ್ಷಗಟ್ಟಲೆ ಓಡಿಸುವವರು ಇದ್ದಾರಲ್ಲ, ನನ್ನನ್ನೂ ಆ ಜಾತಿಗೆ ಸೇರಿಸಿಬಿಟ್ಟರು. ಅಜ್ಞಾನಿಗಳು ಅಂದುಕೊಂಡು ಕ್ಷಮಿಸಿದೆ.

ಹದಿನೈದು ದಿನದ ಮೇಲೆ ಮಾವನವರು ಬಂದರು. ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಗೊತ್ತಾಗಿತ್ತು. ಅಲ್ಲಿಯವರೆಗೆ ಮಗಳ ಮನೆಯಲ್ಲಿರೋಣವೆಂದು ಬಂದವರು ಅಂಗಳದಲ್ಲೇ ನಿಂತರು. ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಮುಂದ್ಗಡೆ ಕಪ್ಪಗದಲ್ಲ ಅಳಿಯಂದ್ರೆ?"

ಅಡಿಗೆಮನೆಯ ಕಿಟಕಿಯಲ್ಲಿ ನೀಲಾಂಬಿಕೆಯ ಎರಡು ಕಣ್ಣು ಕಂಡವು.

"ಅದು... ಕೆಲಸ ನಡೀತಾ ಇದೆ ಮಾವ. ಇನ್ನೂ ಮುಗಿದಿಲ್ಲ."

"ಓಹೋ," ಎಂದು ಮಾವನವರು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ಆ ನೋಟದಲ್ಲಿ ಎಂಥದೋ ಮರುಕವಿತ್ತು. ಗಂಟಲು ನೋವಿರುವ ದನವನ್ನು ಅವರು ಹಾಗೆ ನೋಡುವುದನ್ನು ನಾನು ಕಂಡಿದ್ದೆ. ಒಳಗೆ ಹೋದವರು ಮಗಳನ್ನು ಮೆಲ್ಲಗೆ ಕೇಳಿದರಂತೆ: "ಅವ್ವಾ, ಅಂಗಡಿ ವ್ಯಾಪಾರ ಹೆಂಗದೆ?" ನನ್ನ ಮೇಲಿನ ಸಿಟ್ಟಿಗೆ ಇವಳು ಉದ್ದಕ್ಕೆ ನಿಟ್ಟುಸಿರು ಬಿಟ್ಟು, "ಏನೋ, ನಡೀತಿದೆ ಅಪ್ಪ" ಅಂದಳಂತೆ. ನಿಟ್ಟುಸಿರು ನನ್ನ ಲೆಕ್ಕದ್ದು; ಮಾವನವರು ಅದನ್ನು ಅಂಗಡಿಯ ಲೆಕ್ಕಕ್ಕೆ ಬರೆದುಕೊಂಡರು.

ಮಾರನೆಯ ದಿನ ನಾವಿಬ್ಬರೂ ಸರಗೂರಿಗೆ ನನ್ನ ಚಿಕ್ಕಪ್ಪನ ಮೊಮ್ಮಗಳ ಮದುವೆಗೆ ಹೊರಟೆವು. ಮದುವೆ, ಬೀಗರೂಟ ಎಲ್ಲ ಸೇರಿ ಮೂರು ದಿನ. ಮನೆಗೆ ಮಾವನವರೇ ಕಾವಲು. ಸರಗೂರಿನ ರಸ್ತೆಯಲ್ಲಿ ಕಲ್ಲು ಸಿಡಿದು ಬಾನೆಟ್ಟಿನ ಹೊಳಪಿಗೆ ಗೀರು ಬಿದ್ದೀತೆಂದು ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದೆವು. ನಿಂತುಕೊಂಡೇ ಹೋದೆವು.

ಎರಡನೆಯ ದಿನ ನಾನು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಪಿರಿಯಾಪಟ್ಟಣದ ನಂಜಣ್ಣ ಫೋನ್ ಮಾಡಿದ. ಗಾಡಿಗಳಿಗೆ ಬಣ್ಣ ಹೊಡೆಯುವವನು, ನನ್ನ ಹಳೆಯ ಗಿರಾಕಿ.

"ಸ್ವಾಮೇರಾ, ಒಂದು ಗಾಡಿ ಬಂದದೆ. ಫೈಬರ್ ಬಾನೆಟ್ಟು. ಮ್ಯಾಲೆ ಗಾಜಿದ್ದಂಗೆ ನೈಸು. ಬಣ್ಣ ಕಚ್ಚಾಕಿಲ್ಲ ಅನ್ಸ್ತದೆ. ಏನ್ ಮಾಡ್ಲಿ?"

"ಯಾರ ಗಾಡಿಯಯ್ಯಾ?"

"ಅದ್ಯಾರೋ... ಗಿರಾಕಿದು ಬುಡಿ."

ಫೈಬರ್ ಅಂದರೆ ನಮ್ಮ ಕಡೆ ನೀರಿನ ತೊಟ್ಟಿಯಿಂದ ಹಿಡಿದು ಟೆಂಪೋ ಮೂತಿಯವರೆಗೆ ಎಲ್ಲವೂ ಫೈಬರೇ. ನನಗೆ ಏನೂ ಹೊಳೆಯಲಿಲ್ಲ. ಹೊಟ್ಟೆ ತುಂಬಿತ್ತು, ಸುತ್ತ ನೆಂಟರು ಕೂತಿದ್ದರು, ವಿದ್ಯೆ ಪ್ರದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಸಭೆ ಇರಲಿಲ್ಲ. ದನಿ ಎತ್ತರಿಸಿದೆ. "ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಯ್ಯಾ! ಹೊಳಪು ಒಂದು ಚೂರೂ ಉಳೀಬಾರದು. ಪೂರ್ತಿ ಬೂದಿ ಬಣ್ಣಕ್ಕೆ ತಿರುಗಬೇಕು. ಕನಿಕರ ತೋರಿಸಬೇಡ. ಆಮೇಲೆ ಪ್ರೈಮರು, ಅದು ಒಣಗಿದ ಮೇಲೆ ಬಣ್ಣ. ಬೇಕಾದ್ದು ನಮ್ಮ ಅಂಗಡಿಯಿಂದಲೇ ತಗೊಂಡು ಹೋಗು, ನಾನು ಹೇಳ್ತೀನಿ."

"ಅಷ್ಟು ನುಣ್ಪಿರೋದ್ನ ಉಜ್ಜಕ್ಕೆ ಕೈ ಬರ್ತಿಲ್ಲ ಕಣ್ರೀ."

"ಧೈರ್ಯವಾಗಿ ಉಜ್ಜು. ನಾನಿದೀನಿ!"

ಪಕ್ಕದಲ್ಲಿ ಕೂತಿದ್ದ ನೀಲಾಂಬಿಕೆ, "ಯಾರ ಕಾರೋ ಪಾಪ" ಅಂದಳು.

ಊರಿಗೆ ಮರಳಿ ಗೇಟು ತೆಗೆದೆ. ಅಂಗಳದಲ್ಲಿ ಹೆರಾಲ್ಡ್ ನಿಂತಿತ್ತು. ಮೂತಿಯಿಂದ ಬಾಲದವರೆಗೆ ಕೆನೆ ಬಣ್ಣ. ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಒಂದು ಮೊಳ ಸೇವಂತಿಗೆ. ಪಕ್ಕದಲ್ಲಿ ಮಾವನವರು, ಮದುಮಗನನ್ನು ಶೃಂಗರಿಸಿ ನಿಂತವರಂತೆ. ನನ್ನ ಕೈಯಲ್ಲಿದ್ದ ತಾಂಬೂಲದ ಚೀಲ ಜಾರಿ, ತೆಂಗಿನಕಾಯಿ ಚರಂಡಿಯವರೆಗೆ ಉರುಳಿಕೊಂಡು ಹೋಯಿತು.

"ನಂಜಣ್ಣನ ಕರ್ಸಿ ಬಣ್ಣ ಒಡಿಸ್ಬುಟ್ಟೆ ಅಳಿಯಂದ್ರೆ. ನಿಮ್ಗೆ ಯೋಳ್ಬ್ಯಾಡ ಅಂದಿದ್ದೆ," ಎಂದು ಅವರು ನನ್ನ ಭುಜ ಹಿಡಿದುಕೊಂಡರು. "ಕಷ್ಟ ಅನ್ನೋದು ಎಲ್ರಿಗೂ ಬತ್ತದೆ. ಅರ್ಧ ಕೆಲ್ಸ ಮಾಡ್ಸಿ ನಿಲ್ಸಿದೀರಿ, ಬಣ್ಣದಂಗ್ಡಿ ಮಡಿಕ್ಕಂಡೂ ಬಣ್ಣ ಒಡಿಸಕ್ಕಾಗಿಲ್ಲ ಅಂದ್ರೆ ಇನ್ನೆಷ್ಟು ಕಷ್ಟ ಇರ್ಬೇಕು! ನನ್ನತ್ರ ಯೋಳಕ್ಕೆ ಏನು ನಾಚ್ಕೆ?"

"ಮಾವ, ದುಡ್ಡು..."

"ಅದೇನ್ ಮಹಾ. ಕಣ್ಣಿಗೆ ಒಳ್ಳೆ ಲೆನ್ಸ್ ಹಾಕುಸ್ಕಳವ ಅಂತ ಮಡಗಿದ್ದೆ. ಸಾದಾದೇ ಸಾಕು ಬುಡಿ. ಈ ವಯಸ್ನಲ್ಲಿ ನಾನೇನ್ ನೋಡ್ಬೇಕು?"

ಉಜ್ಜಿಹೋದ ಹೊಳಪಿಗಾಗಿ ಅಳಬೇಕೆಂದುಕೊಂಡಿದ್ದವನಿಗೆ ಆ ಮಾತು ಕೇಳಿ ನಿಜವಾಗಿಯೂ ಅಳು ಬಂತು. ಮಾವನವರು ಅದನ್ನು ಕೃತಜ್ಞತೆ ಎಂದು ತಿಳಿದು ನನ್ನ ಬೆನ್ನು ತಟ್ಟಿದರು. ತುಂಬ ಉಪಕಾರವಾಯಿತು ಮಾವ ಅಂದೆ. ಬೇರೇನು ಹೇಳಲಿ?

ಒಳಗೆ ಹೋದಮೇಲೆ ನೀಲಾಂಬಿಕೆ ಸೀರೆಯ ಸೆರಗು ಸಿಕ್ಕಿಸಿಕೊಂಡಳು. "ಹೋಗಿ ನಿಜ ಹೇಳಿ."

"ನೀನೇ ಹೇಳಬೇಡ ಅಂದಿದ್ದೆಯಲ್ಲೇ!"

"ಬಾನೆಟ್ಟು ಗುಜರಿಗೆ ಹೋಯ್ತು ಅಂತ ಹೇಳಬೇಡಿ ಅಂದೆ. ನಾವು ದಿವಾಳಿ ಎದ್ದಿದೀವಿ ಅಂತ ಹೇಳಿ ಅಂದಿದ್ನಾ?"

ನಿಜ ಹೇಳುವ ಧೈರ್ಯ ಬರಲಿಲ್ಲ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಲೆಂದು, ವ್ಯಾಪಾರ ದಿಢೀರನೆ ಕುದುರಿತೆಂದು ಇನ್ನೊಂದು ಸುಳ್ಳು ಹೇಳಿ, ಮಾವನವರ ಕಣ್ಣಿಗೆ ಆಸ್ಪತ್ರೆಯಲ್ಲಿದ್ದ ಅತಿ ದುಬಾರಿ ಲೆನ್ಸನ್ನೇ ಹಾಕಿಸಿದೆ. "ಸಾಲ ಮಾಡ್ಬ್ಯಾಡಿ ಅಳಿಯಂದ್ರೆ," ಎಂದು ಅವರು ಆಪರೇಷನ್ ಕೋಣೆಯ ಬಾಗಿಲವರೆಗೂ ಹೇಳುತ್ತಲೇ ಹೋದರು.

ಮೂರು ವಾರ ಕಳೆಯಿತು. ಡಾಕ್ಟರು ಇನ್ನು ಓಡಾಡಬಹುದು ಅಂದ ದಿನ ಬೆಳಿಗ್ಗೆ ಮಾವನವರು ಕಪ್ಪು ಕನ್ನಡಕ ತೆಗೆದಿಟ್ಟು ನೇರವಾಗಿ ಕಾರಿನ ಹತ್ತಿರ ಹೋದರು. ಎಂಜಿನ್ ನೋಡಬೇಕೆಂದು ಅಭ್ಯಾಸಬಲದಿಂದ ಎರಡೂ ಕೈ ಹಾಕಿ ಬಾನೆಟ್ಟು ಎತ್ತಿದರು. ಅದು ಹಪ್ಪಳದಷ್ಟು ಹಗುರವಾಗಿ ಎದ್ದುಬಂದು ಅವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ನಂಜಣ್ಣ ಒಳಭಾಗಕ್ಕೆ ಬಣ್ಣ ಹೊಡೆದಿರಲಿಲ್ಲ. ಎಳೆಬಿಸಿಲು ಬಿದ್ದು ಒಳಗಿನ ನೇಯ್ಗೆ ಎಳೆ ಎಳೆಯಾಗಿ ಮಿಂಚುತ್ತಿತ್ತು.

"ಅಯ್ ಶಿವನೆ! ಇದೇನ್ರೀ ಇದು? ಮೊರ ಎಣೆದಂಗೆ ಎಷ್ಟು ಚೆಂದಾಗದೆ! ವೊರಗೂ ಇಂಗೇ ಇತ್ತಾ?"

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡೆ. ತುಕ್ಕು, ಕೊಯಮತ್ತೂರು, ನಾಲ್ಕು ಮಾದರಿ, ಗುಜರಿ, ಕೊನೆಗೆ ಫೋನಿನಲ್ಲಿ ನಾನೇ ಕೊಟ್ಟ ಉಪದೇಶ. "ನೀವು ಹೇಗಿದೆಯೋ ಹಾಗೇ ಇಟ್ಟುಕೊಳ್ಳಿ ಅಂದಿದ್ರಿ. ನಿಮ್ಮ ಒರಿಜಿನಲ್ ಬಾನೆಟ್ಟು ಕಳೆದೆ. ತಪ್ಪಾಯ್ತು ಮಾವ."

ಮಾವನವರು ಬಾನೆಟ್ಟು ಹಿಡಿದುಕೊಂಡೇ ನಗಲು ಶುರು ಮಾಡಿದರು.

"ಯಾವ ಒರಿಜಿನಲ್ಲು? ಎಂಬತ್ತೆಂಟನೇ ಇಸವೀಲಿ ಒಂದೆಮ್ಮೆಗೆ ಇಂಜಕ್ಸನ್ ಕೊಡಕ್ಕೆ ಕಾರ್ಗೇ ಕಟ್ಟಿದ್ದೆ. ಸೂಜಿ ಚುಚ್ಚುತ್ಲೂ ಬಾನೆಟ್ ಮ್ಯಾಲೇ ಬಿದ್ಬುಡ್ತು. ಅಪ್ಪಚ್ಚಿ! ಮಿರ್ಲೆ ಕುಳ್ಳಯ್ಯ ಎಣ್ಣೆ ಡ್ರಮ್ಮು ಸೀಳಿ, ತಟ್ಟಿ, ಇನ್ನೊಂದು ಮಾಡ್ಕೊಟ್ಟ. ಆ ಡ್ರಮ್ಮು ಕಾಣ್ದಂಗೆ ಇರ್ಲಿ ಅಂತ ಬಣ್ಣ ಒಡಿಸ್ತಿದ್ದೆ. ಅಂಗೇ ಮಡಿಕ್ಕಳಿ ಅಂದಿದ್ದು ಮಾರ್ಬ್ಯಾಡಿ ಅಂತ ಕಣ್ರೀ! ಇಂತಾ ವಸ್ತುಗೆ ಬಣ್ಣ ಒಡಿಸ್ಬುಟ್ನಲ್ಲಾ... ಆವತ್ತೇ ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲ ಅಳಿಯಂದ್ರೆ."

ಆಗುತ್ತಿತ್ತು. ಒಂದೇ ಒಂದು ಮಾತು ಸಾಕಾಗಿತ್ತು. ಹೊಳಪೂ ಉಳಿಯುತ್ತಿತ್ತು, ಮುದುಕರಿಗೆ ಅಷ್ಟು ದಿನದ ಚಿಂತೆಯೂ ತಪ್ಪುತ್ತಿತ್ತು. ಎಣ್ಣೆ ಡ್ರಮ್ಮಿಗೆ ಹೆದರಿ ನಾನು ಹೊಳಪನ್ನೂ ಅವರ ನೆಮ್ಮದಿಯನ್ನೂ ಕಳೆದಿದ್ದೆ. ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಹೊಸ ಲೆನ್ಸಿಗೆ ಏನಾದರೂ ಆದೀತೆಂದು ನನಗೆ ಅದೊಂದು ಭಯ.

ನಗು ಕೇಳಿ ಅಡಿಗೆಮನೆಯ ಕಿಟಕಿ ತೆರೆಯಿತು.

"ಏನ್ರೀ ಅದು? ಅಪ್ಪ ಯಾಕೆ ಹಾಗೆ ನಗ್ತಿದಾರೆ?"

"ಏನಿಲ್ಲ ಕಣೆ," ಅಂದೆ, "ಏನೋ ಎಮ್ಮೆ ವಿಷಯ."